ಕಯಾಕ್ ಟ್ರೇಲರ್: ಕೊಳ್ಳುವುದಾ, ಕಟ್ಟುವುದಾ?

ಪ್ರಶ್ನೆ: ಎರಡು ಕಯಾಕ್ (ಹುಟ್ಟು ಹಾಕುವ ಉದ್ದನೆಯ ಸಪೂರ ದೋಣಿ), ಟೆಂಟ್, ಅಡುಗೆ ಸಾಮಾನು ಎಲ್ಲವನ್ನೂ ಕಾರಿನ ಹಿಂದೆ ಎಳೆದುಕೊಂಡು ಹೋಗಬೇಕು. ಟ್ರೇಲರ್ ಕೊಳ್ಳಲೋ, ನಾನೇ ಕಟ್ಟಲೋ?

ಉತ್ತರ: ವೆಲ್ಡಿಂಗ್ ಚೆನ್ನಾಗಿ ಬರುವುದಿಲ್ಲ ಅಂದರೆ ದಯವಿಟ್ಟು ಕಟ್ಟಲು ಹೋಗಬೇಡಿ. ಚಿಕ್ಕ ಟ್ರೇಲರ್ ಒಂದನ್ನು ಕೊಂಡು ಅದರ ಮೇಲೆ ಬೋಲ್ಟ್ ಹಾಕಿ ರ‍್ಯಾಕ್ ಕೂರಿಸಿ. ಕೆಳಗೆ ಸಾಮಾನು, ಮೇಲೆ ಕಯಾಕ್.

ಕಯಾಕ್ ಉದ್ದ ಜಾಸ್ತಿ, ಭಾರ ಕಡಿಮೆ. ಹಾಗಾಗಿ ಟ್ರೇಲರ್ ಎಷ್ಟು ಭಾರ ಹೊರುತ್ತದೆ ಅನ್ನುವುದಕ್ಕಿಂತ ಕಾರಿಗೆ ಸಿಕ್ಕಿಸುವ ಮುಂದಿನ ಕಂಬಿ ಎಷ್ಟು ಉದ್ದವಿದೆ ಅಂತ ಮೊದಲು ನೋಡಿ, ಯಾಕೆಂದರೆ ಅದು ಗಿಡ್ಡವಾದರೆ ತಿರುವಿನಲ್ಲಿ ಕಯಾಕಿನ ಮೂತಿ ಕಾರಿಗೆ ಬಡಿಯುತ್ತದೆ. ಸ್ಪ್ರಿಂಗ್ ತೀರಾ ಗಟ್ಟಿಯಿದ್ದರೂ ಕಷ್ಟ. ಹಗುರ ಹೊರೆಗೆ ಟ್ರೇಲರ್ ಕುಣಿಯುತ್ತದೆ, ಕಟ್ಟಿದ್ದೆಲ್ಲ ಸಡಿಲವಾಗುತ್ತದೆ.

ಭಾರ ಹಂಚುವುದೇ ಮುಖ್ಯ. ಟ್ರೇಲರ್ ಮತ್ತು ಸಾಮಾನಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕಾರಿಗೆ ಸಿಕ್ಕಿಸುವ ಕೊಕ್ಕೆಯ ಮೇಲೆ ಬೀಳಬೇಕು. ಭಾರದ ಪೆಟ್ಟಿಗೆಗಳನ್ನು ಸುಮ್ನೆ ಹಿಂದಕ್ಕೆ ತಳ್ಳಿದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡುತ್ತದೆ, ಅದು ನಿಜಕ್ಕೂ ಅಪಾಯ. ಅವನ್ನು ಚಕ್ರದ ಅಚ್ಚಿಗಿಂತ ಸ್ವಲ್ಪ ಮುಂದಕ್ಕೇ ಇಡಿ.

ಪ್ಲಾಸ್ಟಿಕ್ ಕಯಾಕನ್ನು ಅತಿಯಾಗಿ ಬಿಗಿಯಬೇಡಿ, ಬಿಸಿಲಿಗೆ ತಳ ತಗ್ಗುತ್ತದೆ. ಟ್ರೇಲರನ್ನು ನೀರಿಗೇ ಇಳಿಸುತ್ತೀರಾ? ಹಾಗಾದರೆ ಚಕ್ರದ ಬೇರಿಂಗಿಗೆ ಆಗಾಗ ಗ್ರೀಸ್ ಹಾಕಿ.