ಮುಟ್ಟಲಾಗದ ಮೋಡದಲ್ಲಿ ಇಂಗಾಲದ ಅಳತೆ

ಪ್ರಶ್ನೆ: ಶಹಾಬಾದ ಕಲ್ಲಿನ ಚೂರಿಗೆ ಆಮ್ಲ ಹಾಕಿದಾಗ ಹೊರಬರುವ ಅನಿಲವನ್ನು ಅಳೆದು ಕಲ್ಲಿನಲ್ಲಿರುವ ಇಂಗಾಲದ ಲೆಕ್ಕ ಹಾಕುವುದನ್ನು ಕಾಲೇಜಿನಲ್ಲಿ ಕಲಿತಿದ್ದೇವೆ. ನಕ್ಷತ್ರಗಳ ನಡುವಿನ ಅಣುಮೋಡಗಳಲ್ಲಿ ಇಂಗಾಲವನ್ನು ಹೇಗೆ ಅಳೆಯುತ್ತಾರೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಎಳ್ಳ ಅಮಾವಾಸ್ಯೆಯ ರಾತ್ರಿ ಹೊಲದಲ್ಲಿ ನಿಂತು ಕೃತ್ತಿಕೆ, ರೋಹಿಣಿಗಳ ಕಡೆ ನೋಡಿದರೆ, ಅದೇ ದಿಕ್ಕಿನಲ್ಲಿ ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿ ಅಂಥದೊಂದು ಮೋಡ ಹರಡಿದೆ. ಅಲ್ಲಿಂದ ಮಾದರಿ ತರುವಂತಿಲ್ಲವಾದ್ದರಿಂದ ಮೋಡ ಹೊರಸೂಸುವ ವಿಕಿರಣವೇ ನಮಗೆ ಆಧಾರ. ಮೋಡದ ಬಹುಪಾಲು ಜಲಜನಕವೇ ಆದರೂ, ಸುಮಾರು 10 ಕೆಲ್ವಿನ್, ಅಂದರೆ ಮೈನಸ್ 263 ಡಿಗ್ರಿ ಸೆಲ್ಸಿಯಸ್‌ನ ಚಳಿಯಲ್ಲಿ ಅದರ ಅಣು ವಿಕಿರಣ ಹೊಮ್ಮಿಸುವುದು ಇಲ್ಲವೆನ್ನುವಷ್ಟು ಕಡಿಮೆ. ಕಾರ್ಬನ್ ಮಾನಾಕ್ಸೈಡ್ ಅಣುವಾದರೋ ಜಲಜನಕದ ಅಣುಗಳ ಡಿಕ್ಕಿಗೆ ತಿರುಗತೊಡಗಿ, ಆ ತಿರುಗಾಟ ಒಂದು ಹಂತ ಇಳಿದಾಗ 2.6 ಮಿಲಿಮೀಟರ್ ತರಂಗಾಂತರದ ರೇಡಿಯೊ ಅಲೆಯನ್ನು ಹೊರಸೂಸುತ್ತದೆ. ಹೀಗೆ ಒಂದೇ ನಿಗದಿತ ತರಂಗಾಂತರದಲ್ಲಿ ಕಾಣುವ ಹೊಳಪಿಗೆ ರೇಖೆ ಎನ್ನುತ್ತಾರೆ. 1970ರಲ್ಲಿ ವಿಜ್ಞಾನಿಗಳಾದ ವಿಲ್ಸನ್, ಜೆಫರ್ಟ್ಸ್ ಮತ್ತು ಪೆಂಜಿಯಾಸ್ ಈ ರೇಖೆಯನ್ನು ಒರಾಯನ್ ನೀಹಾರಿಕೆಯ ದಿಕ್ಕಿನಲ್ಲಿ ಮೊದಲು ಗುರುತಿಸಿದರು.

ರೇಖೆ ಎಷ್ಟು ಪ್ರಖರವೋ ಇಂಗಾಲವೂ ಅಷ್ಟೇ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಮೋಡದ ಒಡಲಿನಲ್ಲಿ ಹುಟ್ಟಿದ ಅಲೆಯನ್ನು ಮುಂಭಾಗದ ಅಣುಗಳೇ ಹೀರಿಕೊಳ್ಳುವುದರಿಂದ ನಮಗೆ ತಲುಪುವುದು ಹೊರಪದರದ ಸುದ್ದಿ ಮಾತ್ರ. ಆದರೂ ಅದರ ಪ್ರಖರತೆಯಿಂದ ಅನಿಲದ ಉಷ್ಣತೆ ತಿಳಿಯುತ್ತದೆ, ಮುಂದಿನ ಲೆಕ್ಕಕ್ಕೆ ಅದು ಬೇಕೇಬೇಕು. ಎಣಿಕೆಗೆ ಬಳಸುವುದು, ಸಾಮಾನ್ಯ ಇಂಗಾಲ-12ಕ್ಕಿಂತ ತುಸು ಭಾರವಾದ ಇಂಗಾಲ-13 ಇರುವ ಅಪರೂಪದ ಅಣುವನ್ನು. ಅದರ ರೇಖೆ ಸಾಮಾನ್ಯ ಅಣುವಿನ 115.3ರ ಬದಲು 110.2 ಗಿಗಾಹರ್ಟ್ಸ್‌ನಲ್ಲಿ ಬೇರೆಯಾಗಿಯೇ ಕಾಣುತ್ತದೆ, ಅಣುಗಳು ವಿರಳವಾದ್ದರಿಂದ ಅಲೆ ಒಳಗಿನಿಂದಲೂ ಹೊರಬರುತ್ತದೆ. ಸೂರ್ಯನ ನೆರೆಹೊರೆಯಲ್ಲಿ ಇಂಗಾಲ-13ರ ಒಂದು ಪರಮಾಣುವಿಗೆ ಇಂಗಾಲ-12ರವು ಸುಮಾರು 60ರಿಂದ 70 ಇರುವುದರಿಂದ, ಆ ಅನುಪಾತದಿಂದ ಗುಣಿಸಿದರೆ ಒಟ್ಟು ಕಾರ್ಬನ್ ಮಾನಾಕ್ಸೈಡ್ ಸಿಗುತ್ತದೆ. ತೀರ ದಟ್ಟವಾದ ನಡುಭಾಗಕ್ಕೆ ಇದೂ ಸಾಲದು. ಅಲ್ಲಿ ಭಾರದ ಆಮ್ಲಜನಕ-18 ಇರುವ, ಇನ್ನೂ ವಿರಳವಾದ ಅಣುವಿನ ಮೊರೆಹೋಗಬೇಕು.

ನಿಮ್ಮ ಕಲ್ಲಿನಲ್ಲಿ ಇಂಗಾಲ ಬಹುಮಟ್ಟಿಗೆ ಕಾರ್ಬೊನೇಟ್ ಎಂಬ ಒಂದೇ ರೂಪದಲ್ಲಿದೆ, ಮೋಡದಲ್ಲಿ ಹಾಗಲ್ಲ. ನಕ್ಷತ್ರಗಳ ಅತಿನೇರಳೆ ಬೆಳಕು ಬೀಳುವ ಅಂಚಿನಲ್ಲಿ ಅದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನಾಗಿರುತ್ತದೆ. ಅಯಾನಿನ 158 ಮೈಕ್ರೊಮೀಟರ್ ರೇಖೆಯನ್ನು ನಮ್ಮ ವಾತಾವರಣದ ನೀರಾವಿ ತಡೆಯುವುದರಿಂದ ಹರ್ಷೆಲ್‌ನಂಥ ಬಾಹ್ಯಾಕಾಶ ದೂರದರ್ಶಕವೋ ಬಹಳ ಎತ್ತರದಲ್ಲಿ ಹಾರುವ ವಿಮಾನದ ದೂರದರ್ಶಕವೋ ಬೇಕಾಯಿತು. ತುಸು ಒಳಗೆ ಒಂಟಿ ಪರಮಾಣುಗಳಿವೆ. ಇನ್ನೂ ಒಳಗೆ, ಸುಮಾರು 20 ಕೆಲ್ವಿನ್‌ಗಿಂತ ತಣ್ಣಗಿದ್ದು ದಟ್ಟವೂ ಆದ ಜಾಗದಲ್ಲಿ, ಕಾರ್ಬನ್ ಮಾನಾಕ್ಸೈಡ್ ದೂಳಿನ ಕಣಗಳ ಮೇಲೆ ಹೆಪ್ಪುಗಟ್ಟಿ ರೇಡಿಯೊ ಅಳತೆಗೆ ಸಿಗದಂತಾಗುತ್ತದೆ. ಮೋಡದ ಹಿಂದಿರುವ ನಕ್ಷತ್ರದ ಅವಕೆಂಪು ಬೆಳಕಿನಲ್ಲಿ 4.67 ಮೈಕ್ರೊಮೀಟರ್ ಬಳಿ ಕಾಣುವ ಕೊರತೆಯಿಂದ ಆ ಹೆಪ್ಪನ್ನು ಅಳೆಯುತ್ತಾರೆ.

ದೂಳಿನ ಕಣದೊಳಗೇ ಸೇರಿಹೋದ ಇಂಗಾಲಕ್ಕೆ ಇಂಥ ಸ್ಪಷ್ಟ ರೇಖೆಯಿಲ್ಲ. ನಕ್ಷತ್ರಗಳ ರೋಹಿತದಿಂದ, ಅಂದರೆ ತರಂಗಾಂತರಗಳಾಗಿ ಬಿಡಿಸಿದ ಬೆಳಕಿನಿಂದ, ಅಂದಾಜಿಸಿದ ಒಟ್ಟು ಇಂಗಾಲದಲ್ಲಿ ಅನಿಲದ ಮತ್ತು ಹೆಪ್ಪಿನ ಪಾಲನ್ನು ಕಳೆದು, ಉಳಿದದ್ದನ್ನು ದೂಳಿನ ಲೆಕ್ಕಕ್ಕೆ ಹಾಕುತ್ತಾರೆ. ಇಡೀ ಅಳತೆಯಲ್ಲಿ ನನಗೆ ಎಲ್ಲಕ್ಕಿಂತ ದುರ್ಬಲವಾಗಿ ಕಾಣುವ ಹೆಜ್ಜೆ ಇದೇ.