ಹುಂಡಿ ದುಡ್ಡು ಸೊಸೈಟಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮೂರ ಪತ್ತಿನ ಸಹಕಾರ ಸಂಘದಲ್ಲಿ ಯಜಮಾನರು ಷೇರುದಾರರು. ಮಗನಿಗೆ 11, ಮಗಳಿಗೆ 7 ವರ್ಷ. ಹಬ್ಬಕ್ಕೆ ನೆಂಟರು ಕೊಟ್ಟ ಕಾಸೆಲ್ಲ ಹುಂಡಿಯಲ್ಲೇ ಇದೆ. ಖಾತೆ ಮಾಡಿಸಲು ಹೋದರೆ, ‘ಮಕ್ಕಳನ್ನು ಸದಸ್ಯರಾಗಿ ಸೇರಿಸಿಕೊಳ್ಳೋಕಾಗಲ್ಲ’ ಅಂದರು. ನಿಜವೇ?
– ಗೃಹಿಣಿ, ಮದ್ದೂರು

ಉತ್ತರ: ನಿಜವೇ ಹೇಳಿದ್ದಾರೆ. 18 ತುಂಬದವರು ಕರಾರು ಮಾಡಿಕೊಳ್ಳಲು ಕಾನೂನು ಒಪ್ಪುವುದಿಲ್ಲ. ಹಾಗಾಗಿ ಷೇರು, ಮತ, ಸಾಲ ಯಾವುದೂ ಮಕ್ಕಳಿಗಿಲ್ಲ. ಠೇವಣಿಯ ಮಾತು ಬೇರೆ. ಸದಸ್ಯರು ಪೋಷಕರಾಗಿ ನಿಂತು ಅಪ್ರಾಪ್ತರ ಹೆಸರಿನಲ್ಲಿ ಠೇವಣಿ ಇಡಲು ಸಂಘದ ಬೈಲಾದಲ್ಲಿ (ಒಳನಿಯಮಗಳಲ್ಲಿ) ಅವಕಾಶವಿದೆಯೇ ಎಂದು ಕಾರ್ಯದರ್ಶಿಯವರನ್ನು ಕೇಳಿ. ಇದ್ದರೆ ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಯಜಮಾನರ ಆಧಾರ್, ಪ್ಯಾನ್, ಫೋಟೊ ತೆಗೆದುಕೊಂಡು ಹೋಗಿ. ಪಾಸ್‌ಬುಕ್ಕಿನಲ್ಲಿ ಮಗುವಿನ ಹೆಸರು, ಹುಟ್ಟಿದ ದಿನಾಂಕ, ಪೋಷಕರ ಹೆಸರು ಮೂರೂ ಬಂದಿವೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ. ಬರೀ ಅಪ್ಪನ ಹೆಸರಿದ್ದರೆ ಅದು ಅಪ್ಪನ ದುಡ್ಡೇ.

ಮಗನಿಗೆ ಇನ್ನೊಂದು ದಾರಿಯಿದೆ. ರಿಸರ್ವ್ ಬ್ಯಾಂಕಿನ 2025ರ ಸೂಚನೆಯಂತೆ, 10 ತುಂಬಿದ ಮಕ್ಕಳಿಗೆ ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು. ಎಷ್ಟು ಮೊತ್ತದವರೆಗೆ ಎಂಬುದನ್ನು ಆಯಾ ಬ್ಯಾಂಕು ಗೊತ್ತುಮಾಡುತ್ತದೆ. ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರ) ಬ್ಯಾಂಕು, ಪಟ್ಟಣ ಸಹಕಾರ ಬ್ಯಾಂಕುಗಳಿಗೂ ಇದು ಅನ್ವಯ, ಪತ್ತಿನ ಸಂಘಗಳಿಗಲ್ಲ. ಚಲನ್ ತುಂಬಿ ಸಹಿ ಹಾಕುವುದು ಹುಡುಗನೇ ಆಗಬೇಕೆಂದರೆ ಅವನಿಗೆ ಬ್ಯಾಂಕೇ ಸರಿ.

ಮಗಳಿಗೆ ಸಂಘದಲ್ಲಿ ಸಣ್ಣ ಆರ್‌.ಡಿ. ಸಾಕು. ತಿಂಗಳಿಗೆ 100 ರೂಪಾಯಿಯಂತೆ 12 ತಿಂಗಳು ಕಟ್ಟಿದರೆ ಅಸಲು 1,200. ಶೇ 6ರ ಸರಳ ಬಡ್ಡಿ ಲೆಕ್ಕದಲ್ಲಿ ಸೇರುವುದು 39 ರೂಪಾಯಿ ಅಷ್ಟೇ. ‘ಇಷ್ಟೇನಾ?’ ಎಂದು ಅವಳು ಮುಖ ಸಪ್ಪಗೆ ಮಾಡಿಕೊಂಡರೆ ಮೊದಲ ಕಂತಿಗೆ 12 ತಿಂಗಳ ಬಡ್ಡಿ, ಕೊನೆಯ ಕಂತಿಗೆ ಒಂದೇ ತಿಂಗಳ ಬಡ್ಡಿ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿ. ಬೇಗ ಕಟ್ಟಿದ ದುಡ್ಡು ಹೆಚ್ಚು ದುಡಿಯುತ್ತದೆ ಎಂಬುದು ಆಗ ತಲೆಗೆ ಹೋಗುತ್ತದೆ.

ಚಿಲ್ಲರೆ ವಿಷಯಕ್ಕೆ ಕೌಂಟರಿನಲ್ಲಿ ಗೊಣಗಾಟ ಇದ್ದದ್ದೇ. 1, 2, 5, 10ರ ನಾಣ್ಯಗಳನ್ನು ಬೇರೆ ಬೇರೆ ಮಾಡಿ, ನೂರು ನೂರರಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ಮೊತ್ತ ಬರೆದುಕೊಂಡು ಹೋಗಿ. ತಿಂಗಳ ಮೊದಲ ವಾರದ ನೂಕುನುಗ್ಗಲು ಬೇಡ.

ಇಡೀ ಏರ್ಪಾಡು ಕೆಡುವುದು ಸಾಮಾನ್ಯವಾಗಿ ಮನೆಯಲ್ಲೇ. ಕಬ್ಬಿನ ಬಿಲ್ಲು ತಡವಾಯಿತು, ಗೊಬ್ಬರಕ್ಕೆ ಬೇಕು ಎಂದು ಮಗುವಿನ ಖಾತೆಗೆ ಕೈಹಾಕುತ್ತಾರೆ. ಆಮೇಲೆ ಆ ಮಗು ಹುಂಡಿಗೂ ಕಾಸು ಹಾಕುವುದಿಲ್ಲ. ತೀರಾ ಅನಿವಾರ್ಯವಾದರೆ ಮಗುವಿನ ಎದುರೇ ಚೀಟಿ ಬರೆದು ಸಾಲ ತೆಗೆದುಕೊಳ್ಳಿ. ಡೇರಿ ಬಟವಾಡೆ ಬಂದ ದಿನ ತೀರಿಸಿಬಿಡಿ.

ಪ್ರಶ್ನೆ: ಅಂಗಡಿಗೆ ಬರುವ ಪಿಗ್ಮಿ ಏಜೆಂಟರ ಹತ್ತಿರ ಮಗನ ಹೆಸರಿನಲ್ಲಿ ದಿನಕ್ಕೆ 10 ರೂಪಾಯಿ ಕಟ್ಟಲೇ?
– ಅಂಗಡಿ ಮಾಲೀಕ, ಶ್ರೀರಂಗಪಟ್ಟಣ

ಉತ್ತರ: ಬೇಡ. 1928ರಲ್ಲಿ ಉಡುಪಿಯಲ್ಲಿ ದಿನಕ್ಕೆ 2 ಆಣೆಯಂತೆ ಶುರುವಾದ ಪಿಗ್ಮಿ, ದಿನದ ಸಂಪಾದನೆಯ ದೊಡ್ಡವರಿಗೆ ಹೇಳಿ ಮಾಡಿಸಿದ್ದು. ಏಜೆಂಟರ ಕಮಿಷನ್ ಇರುವುದರಿಂದ ಬಡ್ಡಿ ಆರ್‌.ಡಿ.ಗಿಂತ ಸಾಮಾನ್ಯವಾಗಿ ಕಡಿಮೆ. ಅವಧಿಗೆ ಮೊದಲೇ ಮುರಿದರೆ ಕಡಿತವೂ ಉಂಟು. ಅದಕ್ಕಿಂತ ಮುಖ್ಯವಾಗಿ, ಗಲ್ಲಾದಿಂದ ತೆಗೆದುಕೊಡುವವರು ನೀವು. ಹುಡುಗನಿಗೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ತಮ್ಮನ ಮಗಳಿಗೆ ಕ್ರೆಡಿಟ್ ಯೂನಿಯನ್ (ಅಲ್ಲಿನ ಪತ್ತಿನ ಸಹಕಾರ ಸಂಘ) ಖಾತೆ ಇದೆ. ನಮ್ಮ ಸಂಘಗಳೂ ಅಷ್ಟೇ ಭದ್ರವೇ?
– ನಿವೃತ್ತ ನೌಕರ, ಕುವೆಂಪುನಗರ, ಮೈಸೂರು

ಉತ್ತರ: ಸದಸ್ಯರೇ ಒಡೆಯರು ಎಂಬ ತತ್ವ ಎರಡಕ್ಕೂ ಒಂದೇ. ಭದ್ರತೆ ಒಂದೇ ಅಲ್ಲ. ಅಲ್ಲಿ ಫೆಡರಲ್ (ಕೇಂದ್ರ ಸರ್ಕಾರದ) ವಿಮೆಯುಳ್ಳ ಯೂನಿಯನ್‌ಗಳಲ್ಲಿ ಠೇವಣಿಗೆ 2.5 ಲಕ್ಷ ಡಾಲರ್‌ವರೆಗೆ ರಕ್ಷಣೆ. ಇಲ್ಲಿ ಠೇವಣಿ ವಿಮಾ ನಿಗಮವಾದ ಡಿಐಸಿಜಿಸಿಯ 5 ಲಕ್ಷ ರೂಪಾಯಿ ವಿಮೆ ಸಹಕಾರ ಬ್ಯಾಂಕುಗಳಿಗುಂಟು, ಪತ್ತಿನ ಸಂಘಗಳಿಗಿಲ್ಲ. ಆದ್ದರಿಂದ ಠೇವಣಿ ಇಡುವ ಮೊದಲು ವಾರ್ಷಿಕ ವರದಿ ಕೇಳಿ ಪಡೆಯಿರಿ. ಲೆಕ್ಕಪರಿಶೋಧನೆಯಲ್ಲಿ ಯಾವ ವರ್ಗ (ಎ, ಬಿ, ಸಿ, ಡಿ), ಸುಸ್ತಿ (ಗಡುವು ಮೀರಿಯೂ ತೀರದ) ಸಾಲ ಎಷ್ಟು, ಹಿಂದಿನ ವರ್ಷಕ್ಕಿಂತ ಏರಿದೆಯೇ ಎಂದು ನೋಡಿ. ಬೇರೆಲ್ಲರಿಗಿಂತ ಎರಡು ಮೂರು ಪರ್ಸೆಂಟ್ ಜಾಸ್ತಿ ಬಡ್ಡಿ ಕೊಡುತ್ತೇವೆ ಎನ್ನುವ ಸಂಘದ ಮೆಟ್ಟಿಲು ಹತ್ತಬೇಡಿ. ಸಂಘದಲ್ಲಿ ಇಡುವುದು ಚಿಕ್ಕ ಮೊತ್ತವಿರಲಿ. ಕೂಡಿ ದೊಡ್ಡದಾದದ್ದು ಬ್ಯಾಂಕಿಗೋ ಅಂಚೆ ಕಚೇರಿಗೋ ಹೋಗಲಿ.

ಪ್ರಶ್ನೆ: ಶಾಲೆಯಲ್ಲೇ ಮಕ್ಕಳಿಂದ ವಾರಕ್ಕೊಮ್ಮೆ ಉಳಿತಾಯ ಕಟ್ಟಿಸಬೇಕೆಂದಿದ್ದೇವೆ. ಹೇಗೆ ಮಾಡುವುದು?
– ಶಿಕ್ಷಕಿ, ಪಾಂಡವಪುರ

ಉತ್ತರ: ಎಲ್ಲರ ದುಡ್ಡನ್ನೂ ಶಾಲೆಯ ಒಂದೇ ಖಾತೆಗೆ ಹಾಕಬೇಡಿ. ಯಾರದೆಷ್ಟು ಎಂಬ ಜಗಳ ಶುರುವಾಗುವುದು ಅಲ್ಲೇ. ಪ್ರತಿ ಮಗುವಿಗೂ ಪೋಷಕರ ಒಪ್ಪಿಗೆ ಪತ್ರದೊಂದಿಗೆ ಪ್ರತ್ಯೇಕ ಖಾತೆ ಇರಲಿ. ವಾರದಲ್ಲಿ ಒಂದು ದಿನ ಗೊತ್ತುಮಾಡಿ, ಬ್ಯಾಂಕಿನ ಅಥವಾ ಸಂಘದ ಸಿಬ್ಬಂದಿಯನ್ನೇ ಶಾಲೆಗೆ ಕಳಿಸಿಕೊಡುವಂತೆ ಕೇಳಿ. ಅದು ಆಗದಿದ್ದರೆ ಇಬ್ಬರು ಶಿಕ್ಷಕರು ಸೇರಿ ಎಣಿಸಿ, ತರಗತಿಯ ಪುಸ್ತಕದಲ್ಲೂ ಮಗುವಿನ ಚೀಟಿಯಲ್ಲೂ ಬರೆದು, ಅಂದೇ ಕಟ್ಟಿಬಿಡಿ. ಬೀರುವಿನಲ್ಲಿ ರಾತ್ರಿ ಕಳೆಯುವುದು ಬೇಡ. ಯಾರು ಎಷ್ಟು ಕಟ್ಟಿದರೆಂದು ತರಗತಿಯಲ್ಲಿ ಓದಬೇಡಿ, ಬಹುಮಾನವನ್ನೂ ಇಡಬೇಡಿ. ಹಾಗೆ ಮಾಡಿದರೆ 2 ರೂಪಾಯಿ ತರುವ ಮಗು ಮುಂದಿನ ವಾರ ಗೈರಾಗುತ್ತದೆ. 7ನೇ ತರಗತಿ ಮುಗಿಸಿದವರಿಗೆ ಪಾಸ್‌ಬುಕ್ಕನ್ನು ಟಿ.ಸಿ. ಜೊತೆಗೇ ಕೊಟ್ಟು ಪೋಷಕರ ಸಹಿ ಪಡೆಯಿರಿ.