ಹತ್ತು ಡೋಸಿನ ಬಾಟಲಿ, ಎರಡೂವರೆ ಮಕ್ಕಳು

ಮಾರಾಯ, ನಿನ್ನ ಪ್ರಶ್ನೆ ಓದಿದೆ. "ನಿಮ್ಮ ಕಡೆಯ ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ಇಲ್ಲ, ಸರ್ಜನ್ ಇಲ್ಲ. ದುಡ್ಡು ಕಮ್ಮಿ ಅಂತ ಗೊತ್ತಿದ್ದೂ ಕಾಡಿನ ಮಧ್ಯೆ ಇಷ್ಟೊಂದು ಸಣ್ಣ ಆಸ್ಪತ್ರೆ ಯಾಕೆ ಇಟ್ಕೊಂಡಿದ್ದೀರಿ? ಎಲ್ಲ ಮುಚ್ಚಿ ಜಿಲ್ಲಾ ಕೇಂದ್ರದಲ್ಲಿ ಒಂದು ದೊಡ್ಡದು ಕಟ್ಟಬಾರದಾ?" ಅಂತ ಕೇಳಿದ್ದೀಯ. ಬೆಂಗಳೂರಿನಲ್ಲಿ ಕೂತವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ನಮ್ಮ ನೆಲ ನೋಡಿಕೊಂಡು ಲೆಕ್ಕ ಹಾಕಬೇಕು.

ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಕಾಫಿ ತೋಟಗಳ ನಡುವೆ ಹರಿದು ಹಾಸನ ಜಿಲ್ಲೆ ಸೇರುತ್ತಾಳೆ. ಗೋಣಿಬೀಡು ಚಿಕ್ಕಮಗಳೂರು ಜಿಲ್ಲೆ, ಹಾನಬಾಳು ಹಾಸನ ಜಿಲ್ಲೆ. ಸಂತೆ, ನೆಂಟಸ್ತಿಕೆ, ತೋಟದ ಕೂಲಿ ಯಾವುದಕ್ಕೂ ಈ ಗಡಿ ಅಡ್ಡ ಬರುವುದಿಲ್ಲ. ತೋಟದ ಗೇಟು ಒಂದು ಜಿಲ್ಲೆಯಲ್ಲಿ, ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆ ಇನ್ನೊಂದರಲ್ಲಿ ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಗಡಿ ಕಾಣಿಸುವುದು ಸರ್ಕಾರದ ಕಾಗದದಲ್ಲಿ. ಜೀವಕ್ಕೆ ಬಂದಾಗ ನಾವು ಮಂಗಳೂರಿನ ಕಡೆ ಮುಖ ಮಾಡುತ್ತೇವೆ, ಅಂದರೆ ಚಾರ್ಮಾಡಿ ಅಥವಾ ಶಿರಾಡಿ ಘಾಟಿ ಇಳಿಯಬೇಕು. ಆಗಸ್ಟಿನಲ್ಲಿ ಗುಡ್ಡ ಜರಿದರೆ ಆ ದಾರಿಯೂ ಇಲ್ಲ. ಆ ದಿನಗಳಲ್ಲಿ ಕೈಗೆ ಸಿಗುವುದು ನೀನು ಮುಚ್ಚಿ ಅಂದ ಆಸ್ಪತ್ರೆಯೊಂದೇ.

ಬಿಪಿ, ಸಕ್ಕರೆ, ಟಿಬಿ ಮಾತ್ರೆ, ಬೈಕಿನಿಂದ ಬಿದ್ದವರ ಹೊಲಿಗೆ, ಇವೆಲ್ಲ ದಿನದ ಕೆಲಸ, ವಿವರಿಸುತ್ತ ಕೂರುವುದಿಲ್ಲ. ಕಮ್ಮಿ ದುಡ್ಡಿನಲ್ಲಿ ಜೀವ ಉಳಿಯುವುದು ಹೇಗೆ ಅನ್ನುವುದಕ್ಕೆ ಒಂದನ್ನು ಮಾತ್ರ ಹೇಳುತ್ತೇನೆ. ಹಾವು ಕಚ್ಚಿದವರು ಬಂದರೆ ಮೊದಲು ಬೇಕಾಗುವುದು ಯಾವ ಮೆಷಿನ್ನೂ ಅಲ್ಲ, ಒಂದು ಒಣಗಿದ ಗಾಜಿನ ನಳಿಕೆ. 2 ಮಿಲಿ ರಕ್ತ ತೆಗೆದು ಅದಕ್ಕೆ ಹಾಕಿ 20 ನಿಮಿಷ ಅಲ್ಲಾಡಿಸದೆ ಬಿಟ್ಟು, ಆಮೇಲೆ ಒಂದೇ ಸಲ ಬಗ್ಗಿಸಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಎಂದರ್ಥ. ಕೂಡಲೇ ವಿಷನಿರೋಧಕ ಶುರು ಮಾಡಬೇಕು, ಮೊದಲ ಸುತ್ತಿಗೇ 8ರಿಂದ 10 ವಯಲ್ ಬೇಕು, ಔಷಧ ಮೈಗೆ ಒಗ್ಗದಿದ್ದರೆ ಕೊಡಲು ಪಕ್ಕದಲ್ಲಿ ಅಡ್ರಿನಲಿನ್ ಸಿರಿಂಜಿನಲ್ಲಿ ಸಿದ್ಧವಿರಬೇಕು. ಕೆಡುವುದು ಎಲ್ಲಿ ಗೊತ್ತೇ? ಗಾಜಿನ ಬದಲು ಪ್ಲಾಸ್ಟಿಕ್ ನಳಿಕೆ ಬಳಸುತ್ತಾರೆ. ಇಲ್ಲವೇ ಸೋಪಿನ ನೀರಿನಲ್ಲಿ ತೊಳೆದ ನಳಿಕೆಯನ್ನೇ ಮತ್ತೆ ಬಳಸುತ್ತಾರೆ. ಎರಡರಲ್ಲೂ ಆರೋಗ್ಯವಂತನ ರಕ್ತವೂ ಹೆಪ್ಪುಗಟ್ಟದೆ ಉಳಿದುಬಿಡಬಹುದು, ಆಗ ಬೆಲೆಬಾಳುವ ಔಷಧ ಬೇಡದವನ ಮೈಗೆ ಹೋಗುತ್ತದೆ. ಇನ್ನೊಂದು ತೊಡಕು ಮಲೆನಾಡಿನದೇ. ಈಗ ಸಿಗುವ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಫಿ ಗಿಡದ ಬುಡದ ದರಗಿನಲ್ಲಿ ಮಲಗಿರುವ, ಮೂಗು ಮೇಲಕ್ಕೆ ಚಾಚಿದ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಅದು ಕಚ್ಚಿದವರನ್ನು ಮೂತ್ರಪಿಂಡ ನೋಡಿಕೊಳ್ಳುವ ಆಸ್ಪತ್ರೆಗೆ ಬೇಗ ಸಾಗಿಸುವುದೊಂದೇ ದಾರಿ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡುವ ಪಟ್ಟಿಗೆ ಸೇರಿಸಿದ್ದು ಒಳ್ಳೆಯದಾಯಿತು. ಯಾವ ಕೇಂದ್ರಕ್ಕೆ ಎಷ್ಟು ವಯಲ್ ಕಳಿಸಬೇಕು ಅನ್ನುವುದು ಇನ್ನು ಮುಂದೆ ಲೆಕ್ಕದಿಂದ ಗೊತ್ತಾಗಬಹುದು.

ಈಗ ನಾವು ದಿನಾ ಗುದ್ದಾಡುವ ಗಂಟಿಗೆ ಬರುತ್ತೇನೆ. ಅದು ದಡಾರ-ರುಬೆಲ್ಲಾ ಲಸಿಕೆಯ ಬಾಟಲಿ.

ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 3,000ಕ್ಕೊಂದು ಉಪಕೇಂದ್ರ ಅನ್ನುವುದು ಸರ್ಕಾರದ ಮಾನದಂಡ. ಸಾವಿರಕ್ಕೆ 15 ಹೆರಿಗೆ ಅಂತ ಹಿಡಿ. 20,000 ಜನರಲ್ಲಿ ವರ್ಷಕ್ಕೆ 300 ಮಕ್ಕಳು, ತಿಂಗಳಿಗೆ 25. ಈ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೆ ಒಮ್ಮೆ, ಹದಿನಾರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ. ಅಲ್ಲಿಗೆ ತಿಂಗಳಿಗೆ 50 ಡೋಸ್. ನಷ್ಟವಾಗುವ ಪಾಲು ಶೇ 25 ಎಂದು ಲೆಕ್ಕ ಹಾಕಿದರೆ 1.33ರಿಂದ ಗುಣಿಸಬೇಕು, 67 ಡೋಸ್ ಆಯಿತು. ಅದರ ಮೇಲೆ ಕಾಲು ಭಾಗ ತುರ್ತಿಗೆಂದು ಇಡುವ ದಾಸ್ತಾನು ಸೇರಿಸಿದರೆ 84. ಹತ್ತು ಡೋಸಿನ ಬಾಟಲಿಯಾದರೆ ಒಂಬತ್ತು ಸಾಕು ಅಂತ ಇಂಡೆಂಟ್, ಅಂದರೆ ಬೇಡಿಕೆ ಚೀಟಿ, ಹೋಗುತ್ತದೆ. ಬಯಲುಸೀಮೆಯ ದೊಡ್ಡ ಊರಿಗೆ ಈ ಲೆಕ್ಕ ಸರಿಯಾಗಿ ಕೂರುತ್ತದೆ.

ನಮ್ಮಲ್ಲಿ ಕೂರುವುದಿಲ್ಲ. ಮನೆಗಳು ಒಂದೊಂದು ಗುಡ್ಡದ ಮೇಲೆ ಒಂದೊಂದು. ಆರು ಉಪಕೇಂದ್ರ, ಪ್ರತಿಯೊಂದರಲ್ಲೂ ತಿಂಗಳಿಗೆ ಮೂರು ನಾಲ್ಕು ಜಾಗದಲ್ಲಿ ಗುರುವಾರದ ಲಸಿಕೆ, ಸುಮಾರು 20 ಸಲ ಪೆಟ್ಟಿಗೆ ಹೊತ್ತು ಹೋಗಬೇಕು. 50 ಡೋಸನ್ನು 20ಕ್ಕೆ ಹಂಚಿದರೆ ಒಂದೊಂದು ಜಾಗದಲ್ಲಿ ಎರಡೂವರೆ ಮಗು. ಬಾಟಲಿಯಲ್ಲಿ ಹತ್ತು ಡೋಸ್. ಪುಡಿಗೆ ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಪೆಂಟಾ (ಐದು ರೋಗಕ್ಕೊಂದೇ ಚುಚ್ಚುಮದ್ದು), ಟಿಡಿ (ಧನುರ್ವಾಯು, ಗಂಟಲಮಾರಿಯದು), ಪೋಲಿಯೊ ಹನಿಗಳಾದರೆ ತೆರೆದ ಬಾಟಲಿಯನ್ನು ತಣ್ಣಗಿಟ್ಟು 28 ದಿನದ ತನಕ ಬಳಸಬಹುದು. ದಡಾರದ ಲಸಿಕೆಗೂ ಟಿಬಿ ತಡೆಯುವ ಬಿಸಿಜಿಗೂ ಆ ಅನುಕೂಲವಿಲ್ಲ, ಯಾಕೆಂದರೆ ಅವುಗಳಲ್ಲಿ ಕ್ರಿಮಿ ಬೆಳೆಯದಂತೆ ತಡೆಯುವ ಪದಾರ್ಥ ಇರುವುದಿಲ್ಲ. 20 ಜಾಗಕ್ಕೆ 20 ಬಾಟಲಿ ಬೇಕು, ಬಂದಿರುವುದು ಒಂಬತ್ತು.

ಒಂದೇ ಮಗು ಬಂದರೂ ಬಾಟಲಿ ತೆರೆಯಬೇಕು ಅನ್ನುವುದೇ ನಿಯಮ. ಆದರೆ ತಿಂಗಳ ಸಭೆಯಲ್ಲಿ ಮೊದಲು ಕೇಳುವುದು "ವೇಸ್ಟೇಜ್ ಯಾಕೆ ಇಷ್ಟು?" ಅಂತ. ಬೈಸಿಕೊಂಡು ಬಂದ ಸಿಸ್ಟರ್ ಮುಂದಿನ ವಾರ ಮೂರು ತಾಯಂದಿರಿಗೆ "ಇನ್ನೊಂದಿಷ್ಟು ಮಕ್ಕಳು ಸೇರ್ಲಿ, ಮುಂದಿನ ಗುರುವಾರ ಬನ್ನಿ ಅಮ್ಮ" ಅಂತ ಹೇಳಿ ಕಳಿಸುತ್ತಾರೆ. ಊರಿನವರು ಮತ್ತೆ ಬರುತ್ತಾರೆ. ಲೈನ್ ಮನೆಯವರು ಬರುವುದಿಲ್ಲ. ಅಷ್ಟರಲ್ಲಿ ಇಲ್ಲಿನ ಕೊಯ್ಲು ಮುಗಿದು, ಮೇಸ್ತ್ರಿ ಅವರನ್ನು ಹೊಳೆಯಾಚೆಯ ತೋಟಕ್ಕೆ ಕರೆದುಕೊಂಡು ಹೋಗಿರುತ್ತಾನೆ. ಅಲ್ಲಿ ಅವರು ಬೇರೆ ಜಿಲ್ಲೆಯ ಮಕ್ಕಳು. ಅಲ್ಲಿನ ಆಶಾ ಅಕ್ಕನ ಸರ್ವೆಯಲ್ಲಿ ಅವರಿಲ್ಲ, ಇಲ್ಲಿನ ಪುಸ್ತಕದಲ್ಲಿ "ಊರು ಬಿಟ್ಟಿದ್ದಾರೆ" ಅಂತ ಬರೆದಾಗಿದೆ. ದಡಾರದಷ್ಟು ಬೇಗ ಹರಡುವ ರೋಗ ಇನ್ನೊಂದಿಲ್ಲ, ನೂರಕ್ಕೆ 95 ಮಕ್ಕಳಿಗಾದರೂ ಎರಡೂ ಡೋಸ್ ಮುಟ್ಟದಿದ್ದರೆ ಅದು ನಿಲ್ಲುವುದಿಲ್ಲ. ಹನ್ನೆರಡು ಕುಟುಂಬ ಒಂದೇ ಗೋಡೆಗೆ ಅಂಟಿಕೊಂಡಿರುವ ಲೈನಿನಲ್ಲಿ ಒಂದು ಮಗುವಿಗೆ ಬಂದರೆ ಸಾಕು.

ಸರ್ವೆ ನಡೆಯುವ ಹೊತ್ತಿಗೆ ಇವರು ಇರುವುದೂ ಇಲ್ಲ. ಅರೇಬಿಕಾ ಹಣ್ಣಾಗುವ ನವೆಂಬರ್ ಕೊನೆಯಿಂದ ರೋಬಸ್ಟಾ ಮುಗಿಯುವ ಮಾರ್ಚ್ ತನಕ ಉತ್ತರ ಕರ್ನಾಟಕ, ತಮಿಳುನಾಡು, ಅಸ್ಸಾಮಿನಿಂದ ಜನ ಬರುತ್ತಾರೆ. ತೋಟ ಕಾರ್ಮಿಕರ ಕಾಯ್ದೆ 1951ರಲ್ಲೇ ಬಂದು ದೊಡ್ಡ ತೋಟಗಳ ಮಾಲೀಕರಿಗೆ ವೈದ್ಯ ಸೌಕರ್ಯದ ಹೊಣೆ ಹೊರಿಸಿತು. ಸಣ್ಣ ಹಿಡುವಳಿಗಳು ಅದರ ಹೊರಗೆ ಉಳಿದವು, ಇಲ್ಲಿ ಹೆಚ್ಚಿನವು ಅಂಥವೇ.

ಇದಕ್ಕೆ ಮದ್ದು ದೊಡ್ಡ ಆಸ್ಪತ್ರೆಯಲ್ಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಬಳಿ ಚೆಕ್‌ರೋಲ್ ಇದ್ದೇ ಇರುತ್ತದೆ, ಯಾರು ಕೆಲಸಕ್ಕೆ ಬಂದರು ಅಂತ ದಿನಾ ಗುರುತು ಹಾಕುವ ಪುಸ್ತಕ. ಅದರಲ್ಲಿ ಮೂರು ಗೆರೆ ಎಳೆದರೆ ಸಾಕು: ಐದು ವರ್ಷದೊಳಗಿನ ಮಕ್ಕಳು ಎಷ್ಟು, ಎಷ್ಟು ತಿಂಗಳಿನವರು, ಲಸಿಕೆ ಬರೆದುಕೊಡುವ ತಾಯಿ ಕಾರ್ಡ್ ಇದೆಯೋ ಇಲ್ಲವೋ. ಸೋಮವಾರ ಆಶಾ ಅಕ್ಕ ರೈಟರಿಗೆ ಫೋನ್ ಮಾಡಿ ಬರೆದುಕೊಂಡರೆ ಬುಧವಾರದ ಹೊತ್ತಿಗೆ ಎಷ್ಟು ಬಾಟಲಿ ಒಯ್ಯಬೇಕು ಅಂತ ಖಚಿತವಾಗುತ್ತದೆ. ಕಾರ್ಡ್ ಕಳೆದಿದ್ದರೆ ಎಡತೋಳಿನ ಮೇಲ್ಭಾಗದಲ್ಲಿ ಬಿಸಿಜಿ ಕಲೆ ಇದೆಯೇ ನೋಡಬೇಕು. ದಡಾರ ಲಸಿಕೆ ಆಗಿದೆಯೋ ಇಲ್ಲವೋ ತಿಳಿಯದಿದ್ದರೆ ಆಗಿಲ್ಲ ಎಂದೇ ಹಿಡಿದು ಹಾಕಬೇಕು. ಐದು ವರ್ಷದ ತನಕ ಹಾಕಬಹುದು, ಎರಡನೇ ಸಲ ಬಿದ್ದರೂ ತೊಂದರೆಯಿಲ್ಲ.

ಹೊತ್ತನ್ನೂ ಬದಲಿಸಬೇಕು. ಬೆಳಿಗ್ಗೆ ಹತ್ತಕ್ಕೆ ಅಂಗನವಾಡಿಯಲ್ಲಿ ಕೂತರೆ ಲೈನ್ ಮನೆ ಖಾಲಿ, ಎಂಟಕ್ಕೇ ಎಲ್ಲರೂ ಗಿಡದ ಬುಡದಲ್ಲಿ. ಕೊಯ್ಲಿಗೆ ಕೂಲಿ ಕಿಲೋ ಲೆಕ್ಕ, ಅರ್ಧ ದಿನ ಬಿಟ್ಟು ಬಾ ಅಂದರೆ ಯಾವ ತಾಯಿ ಬರುತ್ತಾಳೆ? ಸಂಜೆ ಹಣ್ಣಿನ ಮೂಟೆ ತೂಗಿಸಲು ಎಲ್ಲರೂ ಕಣದ ಹತ್ತಿರ ಸಾಲು ನಿಂತಿರುತ್ತಾರೆ, ಮಕ್ಕಳು ಸೊಂಟದ ಮೇಲಿರುತ್ತವೆ. ಪೆಟ್ಟಿಗೆ ಅಲ್ಲಿಗೆ ಹೋಗಬೇಕು. ಲಸಿಕೆಯಾದ ಮೇಲೆ ಅರ್ಧ ಗಂಟೆ ಮಗುವನ್ನು ಕೂರಿಸಿಕೊಂಡಿರಬೇಕು, ಅಷ್ಟರಲ್ಲಿ ತೂಕವೂ ಮುಗಿಯುತ್ತದೆ. ಕತ್ತಲಾಗುವುದರೊಳಗೆ ಪೆಟ್ಟಿಗೆ ವಾಪಸ್ಸಾಗಲು ಜೀಪ್ ಬೇಕು. ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಅನ್‌ಟೈಡ್ ಫಂಡ್, ಅಂದರೆ ಇಂಥದ್ದಕ್ಕೇ ಅಂತ ಕಟ್ಟಿಹಾಕದ ಹಣ, ಇದೆ, ಜೀಪಿನ ಬಾಡಿಗೆಗೆ ಅದಕ್ಕಿಂತ ಒಳ್ಳೆಯ ಮೂಲ ನನಗೆ ಕಾಣುವುದಿಲ್ಲ. ಎಷ್ಟೋ ಕಡೆ ಅದು ಮಾರ್ಚ್ ಕೊನೆಯಲ್ಲಿ ಕುರ್ಚಿ, ಬಕೆಟ್ಟು, ಬ್ಯಾನರಿಗೆ ಮುಗಿದುಹೋಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಪೆಟ್ಟಿಗೆಯ ವಿಷಯದಲ್ಲೂ ಮಲೆನಾಡಿನ ಚಳಿ ಒಂದು ಆಟ ಆಡುತ್ತದೆ. ಲಸಿಕೆ ಬಿಸಿಲಿಗೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಹೆಚ್ಚಿನ ಅಪಾಯ ಹೆಪ್ಪುಗಟ್ಟುವುದು. ಪೆಟ್ಟಿಗೆಗೆ ನಾಲ್ಕು ಐಸ್‌ಪ್ಯಾಕ್ ಇಡುತ್ತಾರೆ. ಫ್ರೀಜರಿನಿಂದ ತೆಗೆದವನ್ನು ಹಾಗೇ ಇಡುವಂತಿಲ್ಲ, ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಬೇಕು, ಮೈ ಬೆವರಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನಬೇಕು. ಡಿಸೆಂಬರ್ ಬೆಳಿಗ್ಗೆ ಇದಕ್ಕೆ ಬೇಸಿಗೆಗಿಂತ ಬಹಳ ಹೆಚ್ಚು ಹೊತ್ತು ಹಿಡಿಯುತ್ತದೆ. ಬಸ್ ತಪ್ಪುತ್ತದೆ ಅಂತ ಅವಸರ ಮಾಡಿ ಕಲ್ಲಿನಂಥ ಪ್ಯಾಕ್ ಇಟ್ಟರೆ, ಅದಕ್ಕೆ ತಾಗಿ ಕೂತ ಪೆಂಟಾ, ಟಿಡಿ ಹೆಪ್ಪುಗಟ್ಟಿ ಸತ್ವ ಕಳೆದುಕೊಳ್ಳುತ್ತವೆ. ಬಾಟಲಿಯ ಮೇಲಿನ ಬಣ್ಣದ ಗುರುತು ಬಿಸಿ ತಾಗಿದ್ದನ್ನು ಮಾತ್ರ ಹೇಳುತ್ತದೆ, ಚಳಿ ತಾಗಿದ್ದನ್ನು ಹೇಳುವುದಿಲ್ಲ. ಸಂಜೆ ಹೋಗುವುದಾದರೆ ಈ ಅವಸರವೂ ತಪ್ಪುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಗಡಿಯ ಗಂಟು ಬಿಡುವುದಿಲ್ಲ. ಜನವರಿಯಲ್ಲಿ ಈಚೆ ದಾಸ್ತಾನು ಮುಗಿದಿರುತ್ತದೆ, ಹೊಳೆಯಾಚೆ ಇರುತ್ತದೆ. ಅರ್ಧ ಗಂಟೆಯ ದಾರಿ. ಆದರೆ ಪ್ರತಿ ಬಾಟಲಿಯೂ ತನ್ನ ಜಿಲ್ಲೆಯ ಉಗ್ರಾಣದಿಂದಲೇ ಇಳಿದು ಬರಬೇಕು, ಅದರ ಲೆಕ್ಕವೂ ಅಲ್ಲಿಗೇ ಹೋಗಬೇಕು. ಎರಡು ಜಿಲ್ಲೆಯ ಅಧಿಕಾರಿಗಳು ಕೂತು ಒಂದು ಆದೇಶ ಹೊರಡಿಸಲಿ: ನವೆಂಬರಿನಿಂದ ಮಾರ್ಚ್ ತನಕ ಗಡಿಯ ಕೇಂದ್ರಗಳು ಚೀಟಿ ಬರೆದು ಪರಸ್ಪರ ಸಾಲ ಕೊಡಬಹುದು, ತಿಂಗಳ ಕೊನೆಗೆ ಲೆಕ್ಕ ಹೊಂದಿಸಬಹುದು. ತೋಟದ ತಾಲ್ಲೂಕುಗಳಿಗೆ ಐದು ಡೋಸಿನ ಬಾಟಲಿಯನ್ನೇ ಕಳಿಸಲಿ, ಅದು ತಯಾರಾಗುತ್ತಲೇ ಇದೆ. ಆಗಲೂ ಅರ್ಧ ಚೆಲ್ಲಬೇಕಾಗುತ್ತದೆ ನಿಜ, 20 ಬಾಟಲಿಯ 100 ಡೋಸಿನಲ್ಲಿ 50. ಚೆಲ್ಲಲಿ ಬಿಡಿ. ಸಭೆಯಲ್ಲಿ ಚೆಲ್ಲಿದ್ದೆಷ್ಟು ಅಂತ ಕೇಳುವ ಮುಂಚೆ ಬಿಟ್ಟುಹೋದ ಮಕ್ಕಳೆಷ್ಟು ಅಂತ ಕೇಳಲಿ. ಒಂದು ಲೈನಿನಲ್ಲಿ ದಡಾರ ಎದ್ದರೆ ಮನೆಮನೆ ಸುತ್ತುವ ಜನ, ಜೀಪು, ಆಸ್ಪತ್ರೆಯ ಮಂಚ ಎಲ್ಲ ಸೇರಿ ಆಗುವ ಖರ್ಚಿನ ಮುಂದೆ ಚೆಲ್ಲಿದ ಬಾಟಲಿಯ ಬೆಲೆ ಏನೂ ಅಲ್ಲ.

"ಅವರು ಹೊರಗಿನವರು, ನಮ್ಮ ಕೋಟಾ ಯಾಕೆ ಖಾಲಿ ಮಾಡಬೇಕು" ಅಂತ ಇಲ್ಲೂ ಹೇಳುವವರಿದ್ದಾರೆ. ಈ ಕಾಫಿ ಕೊಯ್ದವರು ಯಾರು ಅಂತ ನಾನು ಅವರನ್ನು ಕೇಳುತ್ತೇನೆ. 2024ರಿಂದ ಲಸಿಕೆಯ ಲೆಕ್ಕ ಆನ್‌ಲೈನಿನಲ್ಲಿಡುವ ಯು-ವಿನ್ ಬಂದಿದೆ, ದೇಶದ ಯಾವ ಕೇಂದ್ರದಲ್ಲಾದರೂ ಹಾಕಿಸಬಹುದು, ದಾಖಲೆ ಮಗುವಿನ ಜೊತೆ ಹೋಗುತ್ತದೆ. ಕಣದ ಹತ್ತಿರ ನೆಟ್‌ವರ್ಕ್ ಸಿಗುವುದಿಲ್ಲವಾದ್ದರಿಂದ ತಾಯಿ ಕಾರ್ಡೇ ಗತಿ. ಅಸ್ಸಾಮಿನ ನರ್ಸಮ್ಮನಿಗೂ ತಿಳಿಯಲಿ ಅಂತ ತಿಳಿದ ಸಿಸ್ಟರುಗಳು ಲಸಿಕೆಯ ಹೆಸರನ್ನು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ, ತಾರೀಖನ್ನು ಅಂಕಿಯಲ್ಲಿ, ಮುಂದಿನ ಡೋಸಿನ ತಿಂಗಳನ್ನು ಅದರ ಕೆಳಗೆ ಬರೆಯುತ್ತಾರೆ. ವಿಳಾಸದ ಸಾಲಿನಲ್ಲಿ ಊರು ಯಾವುದು ಅಂತ ಕೇಳಿ, ತಾಯಿಗೆ ಹೇಳಲು ತೋಚದಿದ್ದರೆ, ನಮ್ಮ ತೋಟದ ಹೆಸರನ್ನೇ ಬರೆಯುತ್ತಾರೆ.